ದ್ರಾಕ್ಷಿ ಪಡದ ಮಣ್ಣಿನಲ್ಲಿ ತಾಮ್ರ ಎಷ್ಟು ಕೂತಿದೆ? ಲೆಕ್ಕ ಹಾಕಿ, ಪರೀಕ್ಷಿಸಿ, ತಗ್ಗಿಸುವ ಕ್ರಮ

ತಿಕೋಟಾ, ಬಬಲೇಶ್ವರ, ಅಥಣಿ, ಜಮಖಂಡಿ ಕಡೆಯ ದ್ರಾಕ್ಷಿ ಬೆಳೆಗಾರರೂ ಬಾಗಲಕೋಟೆಯ ದಾಳಿಂಬೆ ಬೆಳೆಗಾರರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಮಣ್ಣು ಆರೋಗ್ಯ ಕಾರ್ಡಿನಲ್ಲಿ ತಾಮ್ರ ಸಾಕಷ್ಟಿದೆ ಅಂತ ಬಂದಿದೆ. ಹಂಗಾದರೆ ಹೆಚ್ಚೇನೂ ಆಗಿಲ್ಲ ಅಲ್ಲವೇ?"

ಹಾಗೆ ಹೇಳಲು ಬರುವುದಿಲ್ಲ. 2015ರಲ್ಲಿ ಶುರುವಾದ ಆ ಕಾರ್ಡು ಕೊರತೆಯನ್ನು ಹಿಡಿಯಲು ಮಾಡಿದ್ದು. ಗಿಡಕ್ಕೆ ಸಿಗುವ ತಾಮ್ರ 0.2 ಪಿಪಿಎಂ ದಾಟಿದರೆ ಸಾಕು, "ಸಾಕಷ್ಟಿದೆ" ಎಂದು ಬರೆದುಬಿಡುತ್ತದೆ. ಅದು 0.5 ಇದ್ದರೂ ಅದೇ ಮಾತು, 25 ಇದ್ದರೂ ಅದೇ ಮಾತು. ಪಿಪಿಎಂ ಅಂದರೆ ಒಂದು ಕಿಲೋ ಮಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಎಂಬ ಅಳತೆ. ಹಾಗಾಗಿ ಕಾರ್ಡಿನ ಮಾತು ಬಿಡಿ, ಅದರ ಪಕ್ಕದಲ್ಲಿರುವ ಅಂಕಿ ನೋಡಿ. ಆ ಅಂಕಿಯೂ ಒಂಟಿಯಾಗಿ ಏನೂ ಹೇಳುವುದಿಲ್ಲ. ಅದನ್ನು ಯಾವುದರ ಜೊತೆ ಹೋಲಿಸಬೇಕು ಎಂಬುದೇ ಇಲ್ಲಿ ಮುಖ್ಯ.

ರೋಗ ತಡೆಯಲು ಬೆಳೆಗೆ ಹೊಡೆಯುವ ತಾಮ್ರ ಒಂದು ಮೂಲಧಾತು. ಬೇರೆ ಔಷಧಗಳು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕು ಒಡೆದು ಹೋಗುತ್ತವೆ. ತಾಮ್ರ ಒಡೆಯುವುದಿಲ್ಲ, ಆವಿಯಾಗುವುದಿಲ್ಲ. ನಮ್ಮ ಸುಣ್ಣದಂಶದ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ನೀರಿನ ಜೊತೆ ಕೆಳಗೂ ಇಳಿಯುವುದಿಲ್ಲ. ಜಮಾ ಮಾತ್ರ ಇರುವ, ಖರ್ಚೇ ಇಲ್ಲದ ಖಾತೆ ಇದು. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಮೈಲುತುತ್ತ ಮತ್ತು ಸುಣ್ಣದ ದ್ರಾವಣದ ಗುಣವನ್ನು ಪ್ರಕಟಿಸಿದ್ದು 1885ರಲ್ಲಿ. ಯುರೋಪಿನ ಪಡಗಳಲ್ಲಿ ಅಂದಿನಿಂದ ಹೊಡೆದ ತಾಮ್ರದ ಬಹುಪಾಲು ಇವತ್ತಿಗೂ ಅಲ್ಲೇ ಇದೆ. ಅಲ್ಲಿನ ಒಟ್ಟಾರೆ ಮಣ್ಣಿನಲ್ಲಿ ತಾಮ್ರದ ಸರಾಸರಿ ಕಿಲೋಗೆ ಸುಮಾರು 17 ಮಿಲಿಗ್ರಾಂ ಇದ್ದರೆ, ದ್ರಾಕ್ಷಿ ತೋಟಗಳಲ್ಲಿ ಅದು ಸುಮಾರು 49.

ಹೊಲದಲ್ಲಿ ಜಮೆಯಾಗುವ ಭಾರಲೋಹ ತಾಮ್ರವೊಂದೇ ಅಲ್ಲ. ರೋಗದ ಔಷಧಗಳಾದ ಮ್ಯಾಂಕೊಜೆಬ್‌ನಲ್ಲಿ ಮ್ಯಾಂಗನೀಸ್ ಮತ್ತು ಸತು ಇವೆ, ಪ್ರೊಪಿನೆಬ್‌ನಲ್ಲಿ ಸತು ಇದೆ, ರಂಜಕದ ಗೊಬ್ಬರದ ಜೊತೆ ಸ್ವಲ್ಪ ಕ್ಯಾಡ್ಮಿಯಂ ಬರುತ್ತದೆ. ಆದರೆ ನಮ್ಮ ಕಡೆಯ ಪಡ ಮತ್ತು ತೋಟಗಳಲ್ಲಿ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ತಾಮ್ರವನ್ನೇ.

ಕೈಯಲ್ಲಿ ಇರಬೇಕಾದದ್ದು

ಸಿಂಪಡಣೆ ದಾಖಲೆ ಪುಸ್ತಕ ಅಥವಾ ಔಷಧದ ಅಂಗಡಿಯ ಬಿಲ್ಲುಗಳು. ಒಂದು ಸಲಿಕೆ, ಸ್ಟೀಲಿನ ಕುರ್ಪಿ, ಎರಡು ಪ್ಲಾಸ್ಟಿಕ್ ಬಕೆಟ್, ಹೊಸ ಪ್ಲಾಸ್ಟಿಕ್ ಚೀಲ, ಅಳತೆ ಪಟ್ಟಿ, ಮಾರ್ಕರ್ ಪೆನ್ನು. ಹಿತ್ತಾಳೆಯ ಸಾಮಾನು, ತಗಡಿನ ಬಕೆಟ್, ಹಿಂದೆ ಔಷಧ ಕಲಸಿದ ಬಕೆಟ್ ಬೇಡವೇ ಬೇಡ. ತಗಡಿನ ಮೇಲಿನ ಸತುವಿನ ಲೇಪ, ಬಕೆಟಿಗೆ ಅಂಟಿದ ನೀಲಿ ಪುಡಿ ಇಷ್ಟೇ ಸಾಕು, ಇಡೀ ಪರೀಕ್ಷೆ ಕೆಡಲು.

ಹಂತ 1: ಎಷ್ಟು ತಾಮ್ರ ಹಾಕಿದ್ದೀರಿ, ಕಿಲೋದಲ್ಲಿ ಬರೆಯಿರಿ

ಎಷ್ಟು ಸಲ ಹೊಡೆದಿರಿ ಎಂಬುದಕ್ಕಿಂತ ಎಷ್ಟು ಕಿಲೋ ಲೋಹ ಮಣ್ಣಿಗೆ ಬಿತ್ತು ಎಂಬುದು ಮುಖ್ಯ. ಒಂದೊಂದು ಔಷಧದಲ್ಲಿ ತಾಮ್ರದ ಪಾಲು ಬೇರೆ:

- ಮೈಲುತುತ್ತ: ನೂರಕ್ಕೆ 25. ಒಂದು ಕಿಲೋದಲ್ಲಿ ಕಾಲು ಕಿಲೋ ತಾಮ್ರ.
- ಕಾಪರ್ ಆಕ್ಸಿಕ್ಲೋರೈಡ್ 50 ಪುಡಿ: ಅರ್ಧದಷ್ಟು ತಾಮ್ರ ಎಂದು ಹಿಡಿಯಿರಿ.
- ಕಾಪರ್ ಹೈಡ್ರಾಕ್ಸೈಡ್ 53.8: ನೂರಕ್ಕೆ 35.
- ಕಾಪರ್ ಹೈಡ್ರಾಕ್ಸೈಡ್ 77: ನೂರಕ್ಕೆ 50.

ಒಂದು ಎಕರೆ ಪಡದ ಉದಾಹರಣೆ ನೋಡಿ. ಪ್ರತಿ ಸಲ 400 ಲೀಟರ್ ನೀರು. ಶೇ 1ರ ಬೋರ್ಡೋ (ಮೈಲುತುತ್ತ ಮತ್ತು ಸುಣ್ಣದ ದ್ರಾವಣ) ಮೂರು ಸಲ: ಸಲಕ್ಕೆ 4 ಕಿಲೋದಂತೆ 12 ಕಿಲೋ ಮೈಲುತುತ್ತ, ತಾಮ್ರ 3 ಕಿಲೋ. ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 2.5 ಗ್ರಾಂನಂತೆ ಎರಡು ಸಲ: 2 ಕಿಲೋ ಪುಡಿ, ತಾಮ್ರ 1 ಕಿಲೋ. ಹೈಡ್ರಾಕ್ಸೈಡ್ 53.8 ಲೀಟರಿಗೆ 1.5 ಗ್ರಾಂನಂತೆ ಎರಡು ಸಲ: 1.2 ಕಿಲೋ ಪುಡಿ, ತಾಮ್ರ 420 ಗ್ರಾಂ. ವರ್ಷಕ್ಕೆ ಒಟ್ಟು ಸುಮಾರು ನಾಲ್ಕೂವರೆ ಕಿಲೋ.

ಇದು ಹೆಚ್ಚೋ ಕಡಿಮೆಯೋ? 2019ರಿಂದ ಯುರೋಪ್ ಒಕ್ಕೂಟದಲ್ಲಿ ಇರುವ ಮಿತಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ, ಅಂದರೆ ಸರಾಸರಿ ವರ್ಷಕ್ಕೆ 4 ಕಿಲೋ. ಎಕರೆಗೆ ಇಳಿಸಿದರೆ ವರ್ಷಕ್ಕೆ 1.6 ಕಿಲೋ. ಮೇಲಿನ ಪಡದಲ್ಲಿ ಬಿದ್ದದ್ದು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು.

ಒಂದು ಎಕರೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಅಷ್ಟರಲ್ಲಿ ಒಂದು ಕಿಲೋ ತಾಮ್ರ ಬೆರೆತರೆ 1.1 ಪಿಪಿಎಂ ಏರುತ್ತದೆ. ಹಾಗಾಗಿ ನಾಲ್ಕೂವರೆ ಕಿಲೋಗೆ ವರ್ಷಕ್ಕೆ 5 ಪಿಪಿಎಂ. ಉಳುಮೆ ಇಲ್ಲದ ಪಡದಲ್ಲಿ ಅದು 15 ಸೆಂಟಿಮೀಟರ್ ತನಕ ಬೆರೆಯುವುದೂ ಇಲ್ಲ. ಮೇಲಿನ ಮೂರು ಬೆರಳಿನಷ್ಟು ಮಣ್ಣಿನಲ್ಲೇ ನಿಂತರೆ ಏರಿಕೆ ಮೂರು ಪಟ್ಟು.

ದಾಳಿಂಬೆಯವರು ಇಲ್ಲಿ ನಿಂತು ಓದಿ. ಸೊರಗು ರೋಗ ಬಂತೆಂದು ಗಿಡದ ಬುಡಕ್ಕೆ ತಾಮ್ರದ ನೀರು ಸುರಿಯುವ ಪದ್ಧತಿ ಇದೆ. ಲೀಟರಿಗೆ 3 ಗ್ರಾಂ ಆಕ್ಸಿಕ್ಲೋರೈಡ್, ಗಿಡಕ್ಕೆ 5 ಲೀಟರ್ ಅಂದರೆ ಏಳೂವರೆ ಗ್ರಾಂ ತಾಮ್ರ. ಕೇಳಲು ಚಿಲ್ಲರೆ. ಆದರೆ ಅದು ಬೀಳುವುದು ಒಂದು ಚದರ ಮೀಟರ್ ಪಾತಿಗೆ, ಅಲ್ಲಿ 15 ಸೆಂಟಿಮೀಟರ್ ಆಳದವರೆಗೆ ಇರುವ ಮಣ್ಣು ಸುಮಾರು 200 ಕಿಲೋ. ಒಂದೇ ಸಲಕ್ಕೆ 37 ಪಿಪಿಎಂ ಏರಿಕೆ! ಇಡೀ ಹೊಲಕ್ಕೆ ಏಳು ವರ್ಷ ಸಿಂಪಡಿಸಿದಷ್ಟು ತಾಮ್ರ ಬೇರಿನ ಮೇಲೆ ಒಂದೇ ದಿನ ಬಿದ್ದ ಹಾಗಾಯಿತು. ಅಷ್ಟು ಮಾಡಿದರೂ ಸುಣ್ಣದ ಮಣ್ಣಿನಲ್ಲಿ ತಾಮ್ರ ಮೇಲೆಯೇ ಕಚ್ಚಿಕೊಳ್ಳುವುದರಿಂದ ಆಳದ ಬೇರಿನ ರೋಗಕ್ಕೆ ಅದು ಮುಟ್ಟುವುದೇ ಕಷ್ಟ. ಒಂದೇ ಒಂದು ಅಭ್ಯಾಸ ಬಿಡಬೇಕೆಂದಿದ್ದರೆ ಮೊದಲು ಇದನ್ನು ಬಿಡಿ.

ಲೆಕ್ಕದಲ್ಲಿ ಜನ ಬಿಡುವ ಬಾಬತ್ತುಗಳು ಮೂರು: ಕಾಂಡಕ್ಕೆ ಹಚ್ಚುವ ಬೋರ್ಡೋ ಮುಲಾಮು, ತಾಮ್ರ ಸೇರಿದ ಲಘು ಪೋಷಕಾಂಶ ಮಿಶ್ರಣ, ಮತ್ತು ಕೋಳಿ ಗೊಬ್ಬರ. ಕೋಳಿ ಆಹಾರದಲ್ಲಿ ತಾಮ್ರ, ಸತು ಬೆರೆಸುವುದರಿಂದ ಅದು ಗೊಬ್ಬರದಲ್ಲೂ ಬರುತ್ತದೆ.

ಹಂತ 2: ಮಣ್ಣಿನ ಮಾದರಿ ತೆಗೆಯುವುದು

ಸರಿಯಾದ ಕಾಲ ಅಂದರೆ ಹಣ್ಣು ಕೊಯ್ದ ಮೇಲೆ, ಏಪ್ರಿಲ್ ಚಾಟ್ನಿಗೆ (ಬಳ್ಳಿ ಸವರುವುದಕ್ಕೆ) ಮುಂಚೆ. ಕೊನೆಯ ತಾಮ್ರದ ಸಿಂಪಡಣೆ ಆಗಿ ಕನಿಷ್ಠ ಒಂದು ತಿಂಗಳಾಗಿರಲಿ.

1. ಒಂದು ಎಕರೆಯಲ್ಲಿ 12ರಿಂದ 15 ಜಾಗ ಗುರುತು ಮಾಡಿ. ಎರಿ ಮತ್ತು ಮಸಾರಿ (ಕೆಂಪು ಮಣ್ಣು) ಎರಡೂ ಇದ್ದರೆ ಬೇರೆ ಬೇರೆ ಮಾದರಿ ತೆಗೆಯಿರಿ.
2. ಬಿದ್ದ ಎಲೆ, ಕಡ್ಡಿ ಸರಿಸಿ. ಮಣ್ಣನ್ನು ಕೆರೆಯಬೇಡಿ. ತಾಮ್ರ ಇರುವುದೇ ಆ ಮೇಲ್ಪದರದಲ್ಲಿ.
3. ಬಳ್ಳಿಯ ಸಾಲಿನ ಮಣ್ಣನ್ನೂ ಸಾಲುಗಳ ನಡುವಿನ ಮಣ್ಣನ್ನೂ ಕಲಸಬೇಡಿ. ಎರಡು ಬಕೆಟ್ ಇರುವುದು ಇದಕ್ಕೇ.
4. 0–15 ಸೆಂಟಿಮೀಟರ್ ಒಂದು ಮಾದರಿ, 15–30 ಇನ್ನೊಂದು. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರು ಕುರ್ಪಿಯಿಂದ ತೆಗೆಯಿರಿ. ಮೇಲಿನ ಮಣ್ಣು ಕೆಳಗಿನ ಮಾದರಿಯಲ್ಲಿ ಉದುರದಂತೆ ನೋಡಿಕೊಳ್ಳಿ.
5. ಹೋಲಿಕೆಯ ಮಾದರಿ. ಅದೇ ಬಗೆಯ ಮಣ್ಣಿರುವ, ಎಂದೂ ಔಷಧ ಬೀಳದ ಜಾಗದಿಂದ, ಉದಾಹರಣೆಗೆ ಪಡದಿಂದ ದೂರದ ಒಡ್ಡಿನಿಂದ ಅಥವಾ ಮಳೆಯಾಶ್ರಿತ ಜೋಳದ ಹೊಲದಿಂದ ಅಷ್ಟೇ ಆಳದ ಮಣ್ಣು ತನ್ನಿ. ಸಿಂಪಡಣೆ ಗಾಳಿಗೆ ತೇಲಿ ಬರುವ ಪಕ್ಕದ ಒಡ್ಡು ನಡೆಯುವುದಿಲ್ಲ.
6. ನೆರಳಿನಲ್ಲಿ ಒಣಗಿಸಿ, ಹೆಂಟೆ ಒಡೆದು, ಚೆನ್ನಾಗಿ ಕಲಸಿ ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಉಳಿಸಿಕೊಳ್ಳಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ.
7. ಚೀಲದ ಮೇಲೆ ಸರ್ವೆ ನಂಬರ್, ಆಳ, ಸಾಲೋ ನಡುವೋ, ದಿನಾಂಕ, ಪಡದ ವಯಸ್ಸು ಬರೆಯಿರಿ.

ಐದನೆಯದನ್ನು ಎಲ್ಲರೂ ಬಿಡುತ್ತಾರೆ, ಖರ್ಚು ಹೆಚ್ಚಾಗುತ್ತದೆ ಎನ್ನುತ್ತಾರೆ. ಅದಿಲ್ಲದೆ ಉಳಿದದ್ದೆಲ್ಲ ಅಳೆದೂ ಪ್ರಯೋಜನವಿಲ್ಲ. ಕಾರಣ ನಾಲ್ಕನೇ ಹಂತದಲ್ಲಿದೆ.

ಹಂತ 3: ಸರಿಯಾದ ಪರೀಕ್ಷೆ ಕೇಳಿ

ಪರೀಕ್ಷೆ ಎರಡು ಬಗೆ. ಡಿಟಿಪಿಎ ತಾಮ್ರ ಅಂದರೆ ಆ ಹೆಸರಿನ ದ್ರಾವಣದಲ್ಲಿ ಮಣ್ಣನ್ನು ಎರಡು ತಾಸು ಅಲ್ಲಾಡಿಸಿ, ಬಿಟ್ಟುಬಂದ ತಾಮ್ರವನ್ನು ಅಳೆಯುವುದು. ಬೇರಿಗೆ ಸಿಗುವ ಪಾಲು ಎಷ್ಟು ಎಂಬ ಅಂದಾಜು ಇದು. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಬರುವುದೂ ಇದೇ. ಎರಡನೆಯದು ಒಟ್ಟು ತಾಮ್ರ. ಮಣ್ಣನ್ನು ಗಟ್ಟಿ ಆಮ್ಲದಲ್ಲಿ ಕುದಿಸಿ, ಕಚ್ಚಿಕೊಂಡಿರುವುದನ್ನೂ ಬಿಡಿಸಿ ಅಳೆಯುತ್ತಾರೆ.

ಎರಡನ್ನೂ ಮಾಡಿಸಿ. ಜೊತೆಗೆ ಪಿಎಚ್ (ಹುಳಿ-ಕ್ಷಾರದ ಅಳತೆ), ಸಾವಯವ ಇಂಗಾಲ, ಸುಣ್ಣದ ಅಂಶ. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಒಟ್ಟು ತಾಮ್ರ ಎಲ್ಲ ಕಡೆ ಮಾಡುವುದಿಲ್ಲ. ಮಣ್ಣು ಹೊತ್ತುಕೊಂಡು ಹೋಗುವ ಮುಂಚೆ ಫೋನ್ ಮಾಡಿ "ಒಟ್ಟು ತಾಮ್ರ, ಆಮ್ಲದಲ್ಲಿ ಕುದಿಸುವ ಪರೀಕ್ಷೆ ಮಾಡುತ್ತೀರಾ" ಎಂದೇ ಕೇಳಿ.

ಎಲೆತೊಟ್ಟಿನ ಪರೀಕ್ಷೆಯಿಂದ ಮಣ್ಣಿನ ತಾಮ್ರ ತಿಳಿಯುವುದಿಲ್ಲ. ತೊಟ್ಟಿನ ಮೇಲೆ ಕೂತ ಔಷಧವೇ ಅಂಕಿಯನ್ನು ಏರಿಸಿಬಿಡುತ್ತದೆ. ಬೇರು ಹೀರಿದ ತಾಮ್ರ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ, ಮೇಲೆ ಹತ್ತುವುದು ಕಡಿಮೆ.

ಹಂತ 4: ಅಂಕಿಗಳನ್ನು ಓದುವುದು

ಯುರೋಪಿನಲ್ಲಿ ಚರಂಡಿ ಕೆಸರು ಹಾಕುವ ಹೊಲಗಳಿಗೆ ಒಟ್ಟು ತಾಮ್ರದ ಮಿತಿ 50ರಿಂದ 140 ಮಿಲಿಗ್ರಾಂ ಎಂದಿದೆ. ಅದನ್ನು ನೋಡಿ ಗಾಬರಿಯಾಗಬೇಡಿ. ವಿಜಯಪುರ ಮತ್ತು ಅಥಣಿ ಭಾಗದ ಎರಿ ಮಣ್ಣು ಹುಟ್ಟಿದ್ದು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಕಲ್ಲಿನಿಂದ. ಆ ಕಲ್ಲಿನಲ್ಲೇ ತಾಮ್ರ ಹೆಚ್ಚು. ಒಂದು ಸಲವೂ ಔಷಧ ಕಾಣದ ಹೊಲದಲ್ಲೂ ಅಂಕಿ ದೊಡ್ಡದಾಗಿ ಬರಬಹುದು. ಅದೇ ಬಾದಾಮಿ ಕಡೆಯ ಮರಳುಕಲ್ಲಿನ ಮಸಾರಿಯಲ್ಲಿ ಸಹಜ ತಾಮ್ರ ಕಡಿಮೆ. ಅಲ್ಲಿ ಸಣ್ಣ ಅಂಕಿಯೂ ದೊಡ್ಡ ಏರಿಕೆಯನ್ನು ಮುಚ್ಚಿಟ್ಟಿರಬಹುದು. ಆದ್ದರಿಂದ ಒಂದೇ ಮಿತಿ ಹಿಡಿದು ಎರಡೂ ಮಣ್ಣನ್ನು ತೂಗಲು ಬರುವುದಿಲ್ಲ. ನಿಮ್ಮ ಅಳತೆಗೋಲು ನಿಮ್ಮದೇ ಒಡ್ಡಿನ ಮಣ್ಣು.

ಒಟ್ಟು ತಾಮ್ರದಲ್ಲಿ ಪಡದ ಅಂಕಿಯಿಂದ ಒಡ್ಡಿನ ಅಂಕಿ ಕಳೆಯಿರಿ. ಉಳಿದದ್ದು ನೀವು ಸೇರಿಸಿದ್ದು. ಪಡದಲ್ಲಿ 130, ಒಡ್ಡಿನಲ್ಲಿ 90 ಬಂದರೆ ವ್ಯತ್ಯಾಸ 40. ಒಂದಕ್ಕೆ 0.9 ಕಿಲೋದಂತೆ ಎಕರೆಗೆ 36 ಕಿಲೋ ತಾಮ್ರ ಮೇಲ್ಪದರದಲ್ಲಿ ಕೂತಿದೆ. ಹಂತ 1ರ ಲೆಕ್ಕಕ್ಕೆ ಇದನ್ನು ತಾಳೆ ನೋಡಿ. ತೀರಾ ದೂರ ಇದ್ದರೆ ಮಾದರಿಯಲ್ಲೋ ದಾಖಲೆಯಲ್ಲೋ ತಪ್ಪಿದೆ.

ಇನ್ನೊಂದು ತಾಳೆ: ಮೇಲಿನ 15 ಮತ್ತು ಕೆಳಗಿನ 15 ಸೆಂಟಿಮೀಟರ್ ಅಂಕಿಗಳು ಹತ್ತಿರವಿದ್ದರೆ ತಾಮ್ರ ಕಲ್ಲಿನಿಂದ ಬಂದದ್ದು. ಮೇಲೆ ಹೆಚ್ಚು, ಕೆಳಗೆ ಕಡಿಮೆ ಇದ್ದರೆ ಸಿಂಪಡಣೆಯಿಂದ ಬಂದದ್ದು.

ಡಿಟಿಪಿಎ ತಾಮ್ರ ಒಡ್ಡಿನದಕ್ಕಿಂತ ಎಷ್ಟು ಪಟ್ಟು ಇದೆ ಎಂದು ನೋಡಿ. ಒಡ್ಡಿಗಿಂತ ಎರಡು ಮೂರು ಪಟ್ಟು ಇದ್ದರೆ ಔಷಧ ಹೊಡೆಯುವ ತೋಟಕ್ಕೆ ಅದು ಸಾಮಾನ್ಯ, ಲೆಕ್ಕ ಇಡುತ್ತ ಹೋಗಿ. ಐದು ಪಟ್ಟು ದಾಟಿದರೆ ಈ ವರ್ಷವೇ ತಾಮ್ರ ಇಳಿಸಿ. ಹತ್ತು ಪಟ್ಟು ದಾಟಿದರೆ ಬುಡಕ್ಕೆ ಸುರಿಯುವುದು, ಮಣ್ಣಿಗೆ ಎರಚುವುದು ಪೂರ್ತಿ ನಿಲ್ಲಬೇಕು. ಇದು ಕಾನೂನಿನ ಮಿತಿ ಅಲ್ಲ, ಕೆಲಸಕ್ಕೆ ಒದಗುವ ಲೆಕ್ಕ.

ಇದೇ ಅಂಕಿ ಹುಳಿ ಮಣ್ಣಿನಲ್ಲಿ ಹೆಚ್ಚು ಅಪಾಯಕಾರಿ. ಪಿಎಚ್ 8 ದಾಟಿದ ಎರಿಯಲ್ಲಿ ತಾಮ್ರ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಖಾನಾಪುರ ಕಡೆಯ ಜಂಬಿಟ್ಟಿಗೆ ಮಣ್ಣಿನಲ್ಲಿ, ಸಾವಯವ ಅಂಶ ಕಡಿಮೆ ಇರುವ ತೆಳು ಮಸಾರಿಯಲ್ಲಿ ಬೇರಿಗೆ ಬೇಗ ತಾಗುತ್ತದೆ.

ಹಂತ 5: ಹೊಲದಲ್ಲಿ ಕಾಣುವ ಗುರುತು

ತಾಮ್ರ ಹೆಚ್ಚಾದಾಗ ಮೊದಲು ನೋಯುವುದು ಬೇರು. ಮೇಲ್ಪದರದ ಬೇರು ಗಿಡ್ಡವಾಗಿ, ದಪ್ಪವಾಗಿ, ಕಂದು ತಿರುಗಿ, ಎಳೆ ಬೇರಿನ ಕವಲು ಕಡಿಮೆಯಾಗುತ್ತದೆ. ಗಿಡಕ್ಕೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಆದರೆ ನಮ್ಮ ಸುಣ್ಣದ ಮಣ್ಣಿನಲ್ಲಿ ತಾಮ್ರವೇ ಇಲ್ಲದಿದ್ದರೂ ಕಬ್ಬಿಣದ ಕೊರತೆ ಬರುತ್ತದೆ. ಹಳದಿ ಎಲೆಯೊಂದನ್ನೇ ನೋಡಿ ತೀರ್ಪು ಕೊಡಬೇಡಿ.

ಎರೆಹುಳು ಹೆಚ್ಚು ನಂಬಬಹುದಾದ ಸಾಕ್ಷಿ. ಮಳೆಗಾಲದಲ್ಲಿ ಹಸಿ ಇರುವಾಗ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಮಣ್ಣನ್ನು ಚೀಲದ ಮೇಲೆ ಸುರಿದು ಹುಳು ಎಣಿಸಿ. ಒಡ್ಡಿನ ಕಡೆಯೂ ಹಾಗೆಯೇ ಎಣಿಸಿ. ಪಡದಲ್ಲಿ ಹನಿ ನೀರು, ತಿಪ್ಪೆ ಗೊಬ್ಬರ ಎಲ್ಲ ಇದ್ದೂ ಹುಳು ಒಡ್ಡಿಗಿಂತ ಕಡಿಮೆ, ಹಿಂದಿನ ವರ್ಷದ ಎಲೆ ಕೊಳೆಯದೆ ಚಾಪೆಯಂತೆ ಬಿದ್ದಿದೆ ಅಂದರೆ ತಾಮ್ರದ ಮೇಲೆ ಅನುಮಾನ ಪಡಲು ಕಾರಣವಿದೆ.

ಕುರಿಗಳ ವಿಷಯ ಇಲ್ಲೇ ಹೇಳಬೇಕು. ತಾಮ್ರ ತಡೆಯುವ ಶಕ್ತಿ ಕುರಿಗೆ ಬಹಳ ಕಡಿಮೆ. ಸ್ವಲ್ಪ ಸ್ವಲ್ಪವಾಗಿ ಯಕೃತ್ತಿನಲ್ಲಿ ಸೇರಿಕೊಂಡು ಒಂದು ದಿನ ಇದ್ದಕ್ಕಿದ್ದಂತೆ ಕೊಲ್ಲುತ್ತದೆ. ತಾಮ್ರ ಹೊಡೆದ ಪಡದ ಹುಲ್ಲಿಗೆ ಕುರಿ ಬಿಡಬೇಡಿ. ಗೊಬ್ಬರಕ್ಕೆಂದು ಹಟ್ಟಿ ನಿಲ್ಲಿಸುವುದಿದ್ದರೆ ಕುರಿಗಾರರಿಗೆ ಸಿಂಪಡಣೆಯ ದಿನಾಂಕ ಮೊದಲೇ ತಿಳಿಸಿ, ಮೇವು ಬೇರೆ ಕಡೆ ಆಗಲಿ.

ಹಂತ 6: ಒಳಬರುವ ತಾಮ್ರ ಇಳಿಸುವುದು

ಬೂಜು ತುಪ್ಪಟ ರೋಗಕ್ಕೆ, ಅಂದರೆ ಡೌನಿಗೆ, ತಾಮ್ರ ಇಂದಿಗೂ ಒಳ್ಳೆಯ ಔಷಧವೇ. ಪೂರ್ತಿ ಬಿಡಿ ಎಂದು ಹೇಳುತ್ತಿಲ್ಲ. ಎಕರೆಗೆ ವರ್ಷಕ್ಕೆ 1.6 ಕಿಲೋ ಒಳಗೆ ತರುವ ಗುರಿ ಇಟ್ಟುಕೊಳ್ಳಿ.

ತಾಮ್ರ ರೋಗ ಬರದಂತೆ ತಡೆಯುತ್ತದೆ, ಎಲೆಯೊಳಗೆ ಹೊಕ್ಕ ರೋಗವನ್ನು ಕೊಲ್ಲುವುದಿಲ್ಲ. ಎಲೆಯ ಮೇಲೆ ಎಣ್ಣೆಯಂಥ ಚುಕ್ಕೆ ಬಂದ ಮೇಲೆ ಪ್ರಮಾಣ ಹೆಚ್ಚಿಸಿ ಹೊಡೆದದ್ದೆಲ್ಲ ಮಣ್ಣಿಗೆ ಹೋಗುತ್ತದೆ, ರೋಗ ಹಾಗೇ ಇರುತ್ತದೆ. ಮಳೆ ಬರುವ ಮುಂಚೆ ಎಲೆಯ ಮೇಲೆ ಇದ್ದರಷ್ಟೇ ಅದು ಕೆಲಸ ಮಾಡುವುದು. ಅಕ್ಟೋಬರ್ ಚಾಟ್ನಿಯ ನಂತರ ಹಿಂಗಾರು ಮಳೆ, ಇಬ್ಬನಿ ಇರುವ ವಾರಗಳಿಗೆ ತಾಮ್ರ ಉಳಿಸಿಕೊಳ್ಳಿ. ಒಣ ಹವೆಯಲ್ಲಿ ವಾರಕ್ಕೊಮ್ಮೆ ವಾಡಿಕೆ ಎಂದು ಹೊಡೆಯುವುದನ್ನು ನಿಲ್ಲಿಸಿ.

ಶೇ 1ರ ಬೋರ್ಡೋ ಚಾಟ್ನಿ ಆದ ಕೂಡಲೇ ಬರಿ ಕಡ್ಡಿಗೆ ಸಾಕು. ಎಲೆ ಬಂದ ಮೇಲೆ ಶೇ 0.5 ಮಾಡಿದರೆ ತಾಮ್ರ ಅರ್ಧಕ್ಕಿಳಿಯಿತು. ಮೈಲುತುತ್ತದ ನೀರನ್ನು ಸುಣ್ಣದ ತಿಳಿ ಹಾಲಿಗೆ ಸುರಿದು ಕಲಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾಡಿ, ಅದೇ ದಿನ ಮುಗಿಸಿ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಬಂದರೆ ತಾಮ್ರ ಬಿಡಿಯಾಗಿದೆ, ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು. ಸತ್ವ ಹೋದ ಹಳೆಯ ಸುಣ್ಣ ಬಳಸಿದಾಗ ಹೆಚ್ಚಾಗಿ ಹೀಗಾಗುತ್ತದೆ.

ಎಲೆ ದಟ್ಟವಾಗಿದ್ದರೆ ಔಷಧ ಒಳಗೆ ಹೋಗುವುದಿಲ್ಲ, ಅದಕ್ಕೆ ಜನ ನೀರು ಹೆಚ್ಚಿಸುತ್ತಾರೆ, ಹೆಚ್ಚಾದದ್ದು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಹೆಚ್ಚುವರಿ ಚಿಗುರು, ಅಡ್ಡ ಕವಲು ಸಮಯಕ್ಕೆ ತೆಗೆಯಿರಿ. ಸವೆದ ನಾಜಲ್ ಬದಲಿಸಿ. ಎಲೆ ಒದ್ದೆಯಾಗಿ ಹನಿ ಬೀಳುವ ಮುಂಚೆ ನಿಲ್ಲಿಸುವುದು ಸರಿಯಾದ ಅಳತೆ.

ತಾಮ್ರದ ಬದಲು ಯಾವುದು? ಡೌನಿಗೆ ಪೊಟ್ಯಾಸಿಯಂ ಫಾಸ್ಫೊನೇಟ್, ಫೊಸೆಟೈಲ್, ಡೈಮೆಥೊಮಾರ್ಫ್, ಮ್ಯಾಂಡಿಪ್ರೊಪಮಿಡ್ ಇವೆ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಪಟ್ಟಿ ಮತ್ತು ಲೇಬಲ್ ನೋಡಿ, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳನ್ನು ಪಾಲಿಸಿ. ಒಂದನ್ನೇ ಬೆನ್ನಿಗೆ ಬೆನ್ನು ಹೊಡೆದರೆ ರೋಗಾಣು ಒಗ್ಗಿಕೊಳ್ಳುತ್ತದೆ. ಫೊಸೆಟೈಲ್ ಮತ್ತು ತಾಮ್ರವನ್ನು ಒಂದೇ ಟ್ಯಾಂಕಿನಲ್ಲಿ ಎಂದೂ ಕಲಸಬೇಡಿ. ಅದರ ಹುಳಿಗೆ ತಾಮ್ರ ಕರಗಿ ಎಲೆ, ಕಾಯಿ ಎರಡೂ ಸುಡುತ್ತವೆ. ತಾಮ್ರ ಸುರಿದ ಬುಡಕ್ಕೆ ಬೆನ್ನಿಗೇ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಾಕುವುದೂ ದುಡ್ಡು ಕಳೆದುಕೊಳ್ಳುವ ದಾರಿ.

ದಾಳಿಂಬೆಯ ದುಂಡಾಣು ಅಂಗಮಾರಿಗೆ ತಾಮ್ರ ಪೂರ್ತಿ ಬಿಡುವುದು ಕಷ್ಟ. ಅಲ್ಲಿ ರೋಗದ ಕಡ್ಡಿ, ಬಿದ್ದ ಕಾಯಿ ಆರಿಸಿ ತೋಟದಾಚೆ ಸುಡುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ತೊಳೆದುಕೊಳ್ಳುವುದು, ಮಳೆಗಾಲದ ಬಹಾರ (ಹೂ ಬಿಡಿಸುವ ಹಂಗಾಮು) ಬಿಟ್ಟು ಮಳೆಗಾಲದ ಕೊನೆಗೆ ಬರುವ ಹಸ್ತ ಬಹಾರಕ್ಕೆ ಹೋಗುವುದು, ಇವುಗಳಿಂದಲೇ ಸಿಂಪಡಣೆಯ ಸಂಖ್ಯೆ ಇಳಿಯುತ್ತದೆ. ಸುಟ್ಟ ಬೂದಿಯನ್ನು ತೋಟಕ್ಕೆ ತರಬೇಡಿ. ಕಡ್ಡಿಯ ಮೇಲಿದ್ದ ತಾಮ್ರ ಬೂದಿಯಲ್ಲೂ ಇರುತ್ತದೆ.

ಹಂತ 7: ಕೂತ ತಾಮ್ರವನ್ನು ಹಿಡಿದಿಡುವುದು

ಹೊಲದ ಮಟ್ಟದಲ್ಲಿ ತಾಮ್ರವನ್ನು ಹೊರತೆಗೆಯುವ ಸುಲಭದ ದಾರಿ ಇಲ್ಲ. ನೀರು ಬಿಟ್ಟು ತೊಳೆಯಲಾಗದು. ಬೆಳೆಯಿಂದ ಹೀರಿಸುವ ಲೆಕ್ಕ ನೋಡಿ: ಎಕರೆಗೆ 4 ಟನ್ ಒಣ ಸೊಪ್ಪು ಬೆಳೆದು, ಅದರಲ್ಲಿ ಕಿಲೋಗೆ 20 ಮಿಲಿಗ್ರಾಂ ತಾಮ್ರ ಇದ್ದು, ಪೂರ್ತಿ ಹೊಲದಾಚೆ ಸಾಗಿಸಿದರೂ ಹೋಗುವುದು 80 ಗ್ರಾಂ. ಕೂತಿರುವುದು 36 ಕಿಲೋ. ತಾಮ್ರವನ್ನು ತಿಂದುಬಿಡುವ ಜೀವಾಣು ಎಂದು ಬಾಟಲಿ ಮಾರುವವರನ್ನು ನಂಬಬೇಡಿ. ಮೂಲಧಾತುವನ್ನು ಯಾವ ಜೀವಾಣುವೂ ಇಲ್ಲವಾಗಿಸಲಾರದು.

ಮಾಡಬಹುದಾದದ್ದು ಅದನ್ನು ಬೇರಿಗೆ ಸಿಗದಂತೆ ಕಟ್ಟಿಹಾಕುವುದು. ಸಾವಯವ ಪದಾರ್ಥ ತಾಮ್ರವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಪ್ರತಿ ವರ್ಷ ಎಕರೆಗೆ 4–5 ಟನ್ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಅಥವಾ ಕಳಿಸಿದ ಪ್ರೆಸ್‌ಮಡ್ (ಸಕ್ಕರೆ ಕಾರ್ಖಾನೆಯ ಕೆಸರು) ಕೊಡಿ. ಮುಧೋಳ, ಜಮಖಂಡಿ, ಅಥಣಿ ಕಡೆ ಸಕ್ಕರೆ ಕಾರ್ಖಾನೆ ಹತ್ತಿರವಿರುವುದು ಅನುಕೂಲ. ಸಾಲಿನ ನಡುವೆ ಹಸಿರು ಗೊಬ್ಬರಕ್ಕೆ ಸೆಣಬು ಅಥವಾ ಡಯಂಚ ಬೆಳೆದು ಹೂವಿಗೆ ಮುಂಚೆ ಮಣ್ಣಿಗೆ ಸೇರಿಸಿ.

ಇಲ್ಲೊಂದು ದೊಡ್ಡ ಎಚ್ಚರಿಕೆ. ಪಿಎಚ್ ಇಳಿಸಲೆಂದು ಡ್ರಿಪ್ಪಿನಲ್ಲಿ ಆಮ್ಲ ಬಿಡುವ ರೂಢಿ ಹೆಚ್ಚುತ್ತಿದೆ. ಪೈಪು ತೊಳೆಯಲು ಬಿಟ್ಟು, ಪೈಪಿನ ತುದಿ ತೆರೆದು ಹೊರ ಹಾಕುವುದು ಬೇರೆ. ವಾರ ವಾರ ಬೇರಿನ ಬಳಿ ಆಮ್ಲ ಬಿಟ್ಟರೆ ಕಟ್ಟಿಕೊಂಡಿದ್ದ ತಾಮ್ರ ಅಲ್ಲೇ ಬಿಡಿಸಿಕೊಳ್ಳುತ್ತದೆ. ಹಳೆಯ ಪಡದಲ್ಲಿ, ಅದರಲ್ಲೂ ಮಸಾರಿಯಲ್ಲಿ, ಡಿಟಿಪಿಎ ಅಂಕಿ ನೋಡದೆ ಇದನ್ನು ಮಾಡಬೇಡಿ.

ಹಂತ 8: ಹಳೆಯ ಪಡ ಕಿತ್ತು ಮತ್ತೆ ನೆಡುವಾಗ

ದೊಡ್ಡ ಬಳ್ಳಿಯ ಬೇರು ಆಳದಲ್ಲಿರುತ್ತದೆ, ಮೇಲ್ಪದರದ ತಾಮ್ರ ಅದಕ್ಕೆ ಅಷ್ಟು ತಾಗದು. ಹೊಸ ಸಸಿಯ ಬೇರು ಬೆಳೆಯಬೇಕಾದದ್ದೇ ಆ ಪದರದಲ್ಲಿ. ಕಿತ್ತ ಪಡದಲ್ಲಿ ಎರಡನೇ ಸಲ ನೆಟ್ಟ ಸಸಿ ಏಳದಿದ್ದರೆ ಬೇರಿಗೆ ಬೀಳುವ ಜಂತುಹುಳುವಿನ ಜೊತೆ ತಾಮ್ರವನ್ನೂ ಪರೀಕ್ಷಿಸಿ.

ಆಳ ಉಳುಮೆಗೆ ಇದೊಂದೇ ಅವಕಾಶ. 15 ಸೆಂಟಿಮೀಟರ್‌ನಲ್ಲಿದ್ದ ತಾಮ್ರವನ್ನು 45 ಸೆಂಟಿಮೀಟರ್‌ಗೆ ಬೆರೆಸಿದರೆ ಏರಿಕೆ ಮೂರನೇ ಒಂದಕ್ಕೆ ಇಳಿಯುತ್ತದೆ. ಕೆಳಗೆ ಗರಸು ಅಥವಾ ಸುಣ್ಣದ ಹರಳು ಇದ್ದರೆ ಅದನ್ನು ಮೇಲೆ ತರಬೇಡಿ, ಮೊದಲು ಗುಂಡಿ ತೆಗೆದು ನೋಡಿ. ನಾಟಿ ಸಾಲಿಗೆ ಕೆರೆಯ ಹೂಳು ಮತ್ತು ತಿಪ್ಪೆ ಗೊಬ್ಬರ ತುಂಬಿ. ಹೂಳನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಪಡಗಳಿಂದ ಹರಿದ ನೀರು ಸೇರುವ ಕೆರೆಯಾದರೆ ಖಂಡಿತ. ನಡುವೆ ಎರಡು ವರ್ಷ ಜೋಳ ಅಥವಾ ಗೋವಿನಜೋಳ ಹಾಕಿ, ಬೇರಿನ ಬೆಳವಣಿಗೆ ನೋಡಿ ಆಮೇಲೆ ದ್ರಾಕ್ಷಿಗೆ ಹೋಗಿ.

ಡಿಟಿಪಿಎ ಪರೀಕ್ಷೆ ಎರಡು ವರ್ಷಕ್ಕೊಮ್ಮೆ, ಒಟ್ಟು ತಾಮ್ರ ನಾಲ್ಕೈದು ವರ್ಷಕ್ಕೊಮ್ಮೆ ಸಾಕು. ಅದೇ ತಿಂಗಳು, ಅದೇ ಜಾಗ, ಅದೇ ಆಳ, ಸಾಧ್ಯವಾದರೆ ಅದೇ ಪ್ರಯೋಗಾಲಯ. ಒಡ್ಡಿನ ಮಾದರಿಯನ್ನು ಪ್ರತಿ ಸಲವೂ ಜೊತೆಗೆ ಕಳಿಸಿ.